ಒಂದಗುಳಿನ ನಂಬಿಕೆ

ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮಮ್ಮ ಸೌಟಿನ ತುದಿಯಿಂದ ಒಂದೇ ಒಂದು ಅಗುಳು ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಚುಕಿ ನೋಡುತ್ತಿದ್ದಳು. ಅಷ್ಟೇ. ಅದು ಬೆಂದಿದ್ದರೆ ಇಡೀ ಪಾತ್ರೆಯ ಅನ್ನ ಬೆಂದಂತೆ. ಚಿಕ್ಕಂದಿನಲ್ಲಿ ನಾನೊಮ್ಮೆ, "ಉಳಿದದ್ದು ಬೆಂದಿರದಿದ್ದರೆ?" ಎಂದು ಕೇಳಿದ್ದೆ. "ಒಂದೇ ನೀರು, ಒಂದೇ ಉರಿ, ಒಂದೇ ಅಕ್ಕಿ. ಒಂದಕ್ಕಾದದ್ದು ಎಲ್ಲಕ್ಕೂ ಆಗುತ್ತೆ ಕಣೇ" ಎಂದಿದ್ದಳು. ಆ ಮಾತು ನನಗೆ ಎಷ್ಟು ಹಿಡಿಸಿತ್ತೆಂದರೆ, ಮುಂದೆ ಎಂಜಿನಿಯರಿಂಗ್ ಓದಿ, ಕಂಪ್ಯೂಟರಿನ ಮುಂದೆ ಕುಳಿತು ಸಂಬಳ ತರುವವಳಾದ ಮೇಲೂ ನನ್ನ ಕೆಲಸವನ್ನು ಒಂದಗುಳಿನ ನಂಬಿಕೆಯಲ್ಲೇ ನಡೆಸಿಕೊಂಡು ಬಂದೆ. ಆ ನಂಬಿಕೆ ಹೋದ ವರ್ಷ ನನ್ನ ಮಾನ ಕಳೆಯಿತು. ಮಾನ ಕಳೆಯಿತು ಎಂದೆ. ನಿಜ ಹೇಳಬೇಕೆಂದರೆ ಅಂದು ಕಳೆದದ್ದು ಇನ್ನೊಬ್ಬಳ ಮಾನ. ನನ್ನದು ಕಳೆದದ್ದು ಯಾರಿಗೂ ಗೊತ್ತಾಗಲಿಲ್ಲ, ನನಗೊಬ್ಬಳಿಗೆ ಬಿಟ್ಟು.

ನಾನು ಕೆಲಸಕ್ಕೆ ಸೇರಿದ್ದು 1999ರಲ್ಲಿ. ನಿಮಗೆ ನೆನಪಿರಬಹುದು, ಆಗ ಎಲ್ಲೆಲ್ಲೂ ವೈ2ಕೆ ಎಂಬ ಮಾತು. ಹಳೆಯ ಪ್ರೋಗ್ರಾಮ್‌ಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರಿಂದ, 2000 ಬಂದಾಗ ಕಂಪ್ಯೂಟರುಗಳು ಅದನ್ನು 1900 ಎಂದು ತಿಳಿದುಬಿಡುತ್ತವೆ ಎಂಬ ಭಯ. ಅದನ್ನು ತಿದ್ದುವ ಕೆಲಸ ಭಾರತದ ಹುಡುಗ ಹುಡುಗಿಯರಿಗೆ ಬಂತು. ನಮ್ಮ ಹಿರಿಯರೊಬ್ಬರು ಒಂದು ನಿಯಮ ಮಾಡಿದ್ದರು: ಯಾವ ಸಾಲು ತಿದ್ದಿದರೂ ಅದರ ಮೇಲೆ ನಿಮ್ಮ ಹೆಸರು, ತಾರೀಖು ಬರೆಯಬೇಕು. "ಬೈಯುವುದಕ್ಕಲ್ಲಮ್ಮ. ನಾಳೆ ಯಾರಿಗಾದರೂ ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು ಅಂತ ಗೊತ್ತಾಗಲಿ" ಎನ್ನುತ್ತಿದ್ದರು. ರಂಗೋಲಿ ಹಾಕಿ ಮೂಲೆಯಲ್ಲಿ ಹೆಸರು ಬರೆದ ಹಾಗೆ ನಾವು ಹೆಮ್ಮೆಯಿಂದ ಹೆಸರು ಬರೆಯುತ್ತಿದ್ದೆವು.

ಈಗ ಬರೆಯುವವರು ಬೇರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೃತಕ ಬುದ್ಧಿಮತ್ತೆ ಎಂಬ ಮಾತು ಹಾಲಿನವರ ಬಾಯಲ್ಲೂ ಬಂತು. ನಮ್ಮ ಆಫೀಸಿನಲ್ಲಂತೂ ಒಂದೂವರೆ ವರ್ಷದೊಳಗೆ ಎಲ್ಲರ ಮೇಜಿನ ಮೇಲೂ ಅಂಥದೊಂದು ಸಹಾಯಕ ಬಂದು ಕುಳಿತಿತು. ಏನು ಬೇಕೆಂದು ಮಾತಿನಲ್ಲಿ ಹೇಳಿದರೆ ಸಾಕು, ನೂರಾರು ಸಾಲಿನ ಕೋಡ್ ಅರೆ ನಿಮಿಷದಲ್ಲಿ ಹರಿದು ಬರುತ್ತದೆ. ಮೊದಮೊದಲು ನನಗೂ ಖುಷಿಯಾಯಿತು. ಇಪ್ಪತ್ತೈದು ವರ್ಷ ಒರಳಲ್ಲಿ ರುಬ್ಬಿದವಳಿಗೆ ಗ್ರೈಂಡರ್ ಬಂದ ಹಾಗೆ.

ಆದರೆ ಗ್ರೈಂಡರ್ ಸುಳ್ಳು ಹೇಳುವುದಿಲ್ಲ. ಇದು ಹೇಳುತ್ತದೆ, ಅದೂ ಬಹಳ ವಿನಯದಿಂದ. ಇಲ್ಲದ ಆಜ್ಞೆಯೊಂದನ್ನು ಇದೆ ಎಂದು ಬರೆದುಕೊಡುತ್ತದೆ. "ಇದು ಇಲ್ಲವಲ್ಲ?" ಎಂದರೆ, "ನೀವು ಹೇಳಿದ್ದು ಸರಿ, ಗೊಂದಲಕ್ಕೆ ಕ್ಷಮಿಸಿ" ಎಂದು ಇನ್ನೊಂದು ಇಲ್ಲದ್ದನ್ನು ಕೊಡುತ್ತದೆ. ಸರಿಯಿದ್ದದ್ದನ್ನು ಸುಮ್ಮನೆ ಪರೀಕ್ಷೆಗೆಂದು "ಇದು ತಪ್ಪಲ್ಲವೇ?" ಎಂದು ಕೇಳಿ ನೋಡಿ, ಅದಕ್ಕೂ ಎಷ್ಟೋ ಸಲ "ನೀವು ಹೇಳಿದ್ದು ಸರಿ" ಎನ್ನುತ್ತದೆ. ಹೀಗೇಕೆ ಎಂದರೆ, ಅದು ತಿಳಿದು ಹೇಳುವುದಿಲ್ಲ; ಓದಿದ ಕೋಟ್ಯಂತರ ಸಾಲುಗಳ ಬಲದಿಂದ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಅಂದಾಜು ಮಾಡುತ್ತದೆ. ಅಂದಾಜು ಬಹುಪಾಲು ಸರಿಯಾಗಿರುತ್ತದೆ. ತೊಂದರೆ ಇರುವುದೇ ಅಲ್ಲಿ. ಯಾವಾಗಲೂ ತಪ್ಪುವವರನ್ನು ನಾವು ನಂಬುವುದಿಲ್ಲ. ಬಹುಪಾಲು ಸರಿಯಿರುವವರ ಎದುರು ಕಣ್ಣು ಮುಚ್ಚುತ್ತೇವೆ.

ಇದು ಕಂಪ್ಯೂಟರಿನವರ ಗೋಳು, ನಮಗೇನು ಎನ್ನಬೇಡಿ. ಗ್ಯಾಸ್ ಬರಲಿಲ್ಲವೆಂದು ಫೋನ್ ಮಾಡಿದರೆ "ಒಂದನ್ನು ಒತ್ತಿ, ಎರಡನ್ನು ಒತ್ತಿ" ಎನ್ನುವ ಧ್ವನಿಯ ಜೊತೆ ನೀವೂ ಹೆಣಗಾಡಿರುತ್ತೀರಿ. ಹಣ ಕಟ್ಟಿದ ಮೇಲೂ "ಕಟ್ಟಿಲ್ಲ" ಎಂದು ಬರುವ ಸಂದೇಶ, ಕೆಲಸ ಮಾಡಿ ಸವೆದ ಬೆರಳನ್ನು ಗುರುತಿಸದ ರೇಷನ್ ಅಂಗಡಿಯ ಯಂತ್ರ, ಇವೆಲ್ಲ ನೀವು ಕಾಣದ್ದೇನಲ್ಲ. ಅಲ್ಲೆಲ್ಲ ನಿಮಗೆ ಸಿಕ್ಕಿರುವ ಉತ್ತರ ಒಂದೇ: "ಸಿಸ್ಟಮ್‌ನಲ್ಲಿ ಹಾಗೇ ಇದೆ ಮೇಡಂ." ನಾನು ಆ ಸಿಸ್ಟಮ್‌ನ ಇನ್ನೊಂದು ತುದಿಯಲ್ಲಿ ಕೂತವಳು. ಅಲ್ಲಿ ಏನಾಗುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಒಂದು ಸಣ್ಣ ಕಂಪನಿ. ಊರೂರಿನ ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಒಂದು ಸಂಘದವರು ಹಿರಿಯ ನಾಗರಿಕರ ಠೇವಣಿಗೆ ವರ್ಷಕ್ಕೆ ಶೇಕಡಾ ಅರ್ಧ ಹೆಚ್ಚು ಬಡ್ಡಿ ಕೊಡಲು ತೀರ್ಮಾನಿಸಿದರು. ಕೆಲಸವೇನೂ ದೊಡ್ಡದಲ್ಲ. ಹುಟ್ಟಿದ ತಾರೀಖು ನೋಡಬೇಕು, ವಯಸ್ಸು ಲೆಕ್ಕ ಹಾಕಬೇಕು, ಅರವತ್ತು ದಾಟಿದ್ದರೆ ಅರ್ಧ ಸೇರಿಸಬೇಕು. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ ಅದನ್ನು ವಹಿಸಿದೆ. ದಾವಣಗೆರೆ ಕಡೆಯವಳು, ಮನೆಯಲ್ಲಿ ಮೊದಲ ಎಂಜಿನಿಯರ್, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಬೆಳಿಗ್ಗೆ ಹೇಳಿದ್ದನ್ನು ಸಂಜೆಯೊಳಗೆ ಮುಗಿಸಿದಳು. ಅಂದರೆ, ಸಹಾಯಕನಿಂದ ಬರೆಸಿದಳು. ತಪ್ಪೇನಿಲ್ಲ, ಎಲ್ಲರೂ ಹಾಗೇ ಮಾಡುತ್ತೇವೆ. ಬೇಗ ಮುಗಿಸಿ ಎನ್ನುವವರೂ ನಾವೇ.

ಬರೆದದ್ದನ್ನು ಹಿರಿಯರೊಬ್ಬರು ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಅದು ಸಂಘದ ಕಂಪ್ಯೂಟರಿಗೆ ಹೋಗಬೇಕು ಎಂಬುದು ನಿಯಮ. ಆ ಹಿರಿಯಳು ನಾನು. ಶುಕ್ರವಾರ ಸಂಜೆ, ಆರೂ ಹತ್ತರ ಕ್ಯಾಬ್ ತಪ್ಪಿದರೆ ಮನೆ ಸೇರುವುದು ಒಂಬತ್ತಾಗುತ್ತದೆ. ಮುನ್ನೂರು ಚಿಲ್ಲರೆ ಸಾಲುಗಳಿದ್ದವು. ಮೊದಲ ಒಂದು ಪುಟ ಓದಿದೆ. ಅಚ್ಚುಕಟ್ಟಾಗಿತ್ತು, ನಾನು ಬರೆಯುವುದಕ್ಕಿಂತ ಅಚ್ಚುಕಟ್ಟು. ಪರೀಕ್ಷೆಗೆಂದು ಹತ್ತು ಜನರ ವಿವರ ಹಾಕಿ ನೋಡಿದ್ದರು, ಹತ್ತೂ ಸರಿ ಬಂದಿತ್ತು. ಆ ಹತ್ತು ಜನರನ್ನು ಸೃಷ್ಟಿಸಿದ್ದೂ ಅದೇ ಯಂತ್ರ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ. ಒಂದಗುಳು ಹಿಚುಕಿದೆ, ಬೆಂದಿತ್ತು. ಒಪ್ಪಿಗೆ ಒತ್ತಿ ಕ್ಯಾಬ್ ಹತ್ತಿದೆ.

ಆರು ತಿಂಗಳ ಮೇಲೆ ಸಂಘದಿಂದ ಫೋನ್ ಬಂತು. ಇನ್ನೂರಕ್ಕೂ ಹೆಚ್ಚು ಖಾತೆಗಳಿಗೆ ಹೆಚ್ಚಿನ ಬಡ್ಡಿ ಸೇರಿಯೇ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಎರಡೇ ಎರಡು ಸಾಲು. ಹುಟ್ಟಿದ ತಾರೀಖು ಪೂರ್ತಿಯಾಗಿ ಇಲ್ಲದಿದ್ದರೆ ವಯಸ್ಸನ್ನು ಸೊನ್ನೆ ಎಂದು ಹಿಡಿ, ಏನೂ ಹೇಳದೆ ಮುಂದೆ ಹೋಗು, ಎಂದು ಯಂತ್ರ ಬರೆದಿತ್ತು. ಎಪ್ಪತ್ತು ದಾಟಿದ ಅಜ್ಜಿಯರೆಲ್ಲ ನಮ್ಮ ಲೆಕ್ಕದಲ್ಲಿ ಆಗತಾನೇ ಹುಟ್ಟಿದ ಕೂಸುಗಳಾಗಿದ್ದರು.

ತಾರೀಖು ಯಾರಿಗೆ ಇರುವುದಿಲ್ಲ ಹೇಳಿ? ಶಾಲೆ ಮೆಟ್ಟಿಲು ಹತ್ತದವರಿಗೆ. ಮನೆಯಲ್ಲಿ ಹುಟ್ಟಿದವರಿಗೆ. "ಕೆರೆ ಒಡೆದ ವರ್ಷ, ಶ್ರಾವಣದಲ್ಲಿ" ಎಂದು ತಾಯಿ ಹೇಳಿದ್ದಷ್ಟೇ ಗೊತ್ತಿರುವವರಿಗೆ. ಆಧಾರ್ ಕಾರ್ಡಿನಲ್ಲೂ ಎಷ್ಟೋ ಜನರಿಗೆ ಜನ್ಮ ವರ್ಷ ಮಾತ್ರ ಇರುತ್ತದೆ. ಇನ್ನೂರು ಖಾತೆಗಳ ಪಟ್ಟಿ ತೆರೆದು ನೋಡಿದರೆ ಹೆಚ್ಚಿನವು ಹೆಂಗಸರ ಹೆಸರು. ಅದನ್ನು ನೋಡುತ್ತ ನೋಡುತ್ತ ನನಗೆ ಹೊಳೆಯಿತು: ನಮ್ಮಮ್ಮನ ಕಾರ್ಡಿನಲ್ಲೂ ಇರುವುದು ವರ್ಷ ಮಾತ್ರ. ಇಪ್ಪತ್ತೈದು ವರ್ಷ ತಾರೀಖುಗಳ ಜೊತೆಯೇ ಕೆಲಸ ಮಾಡಿದ ನಾನು ನನ್ನ ತಾಯಿಯನ್ನೇ ಮರೆತು ಒಪ್ಪಿಗೆ ಕೊಟ್ಟಿದ್ದೆ.

ಸೋಮವಾರ ಮೀಟಿಂಗ್ ಕರೆದರು. ಮ್ಯಾನೇಜರ್ ಪರದೆಯ ಮೇಲೆ ಆ ಎರಡು ಸಾಲು ತೋರಿಸಿ, "ಇದನ್ನು ಬರೆದವರು ಯಾರು?" ಎಂದರು. ಪಕ್ಕದಲ್ಲೇ ಹುಡುಗಿಯ ಹೆಸರಿತ್ತು. ಒಪ್ಪಿಗೆ ಕೊಟ್ಟವಳ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ಯಾರೂ ಅಷ್ಟು ಕೆಳಗೆ ನೋಡಲಿಲ್ಲ. ಹುಡುಗಿ ಎದ್ದು ನಿಂತು, "ಎ.ಐ. ಬರೆದದ್ದು ಸರ್. ನಾನು ನೋಡಿದೆ, ಸರಿ ಇದೆ ಅನ್ನಿಸಿತು" ಎಂದಳು. "ಎ.ಐ.ಗೆ ನಾವು ಸಂಬಳ ಕೊಡ್ತಿಲ್ಲಮ್ಮ" ಎಂದರು ಅವರು. ಎಲ್ಲರೂ ನಕ್ಕರು.

ನಾನೂ ನಕ್ಕೆ.

ಅವಳ ಪ್ರೊಬೇಷನ್ ಅನ್ನು ಮೂರು ತಿಂಗಳು ಮುಂದಕ್ಕೆ ಹಾಕಿದರು. ನಾನು ಬಾಯಿ ಬಿಡಲಿಲ್ಲ. ಮಗನ ಕಾಲೇಜಿನ ಫೀಸು, ಮನೆಯ ಸಾಲದ ಕಂತು, ಐವತ್ತರ ಹತ್ತಿರ ಬಂದವರನ್ನು ಕಂಪನಿಗಳು ನೋಡುವ ರೀತಿ, ಎಲ್ಲವೂ ನನ್ನ ಬಾಯಿಗೆ ಬೀಗ ಹಾಕಿದವು. ಕಾರಣಗಳೆಲ್ಲ ನಿಜ. ಆದರೆ ಅವು ಆ ಹುಡುಗಿಗೂ ಇದ್ದವು.

ಲೆಕ್ಕ ಸರಿಪಡಿಸಿ ಬರಲು ನನ್ನನ್ನೇ ಆ ಊರಿಗೆ ಕಳಿಸಿದರು. ತುಮಕೂರಿನಿಂದಾಚೆಗಿನ ತಾಲ್ಲೂಕು ಊರು. ಈ ತಪ್ಪನ್ನು ಕಂಡುಹಿಡಿದದ್ದು ಯಾರು ಎಂದು ಗುಮಾಸ್ತರನ್ನು ಕೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿಯಂತೆ. ಮಧ್ಯಾಹ್ನ ಅವರನ್ನು ಕರೆಸಿದರು. ನಲವತ್ತು ಸಾವಿರ ಠೇವಣಿ ಇಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಐವತ್ತು ರೂಪಾಯಿ ಕಡಿಮೆ ಬಂದಿತ್ತು. ಓದು ಬರಹ ಇಲ್ಲ. "ಜಾಸ್ತಿ ಕೊಡ್ತೀವಿ ಅಂತ ಇವರೇ ಮೀಟಿಂಗಲ್ಲಿ ಹೇಳಿದ್ರು. ಕೈಗೆ ಬಂದದ್ದು ಮೊದಲಿನಷ್ಟೇ. ಮೂರು ಸಲ ಬಂದು ಕೇಳ್ದೆ ಕಣವ್ವ. ಕಂಪ್ಯೂಟರ್ ತಪ್ಪು ಮಾಡಾಕಿಲ್ಲ ಅಜ್ಜಿ, ಬೇರೆ ಯಾರೂ ಕೇಳಿಲ್ಲ, ನಿಂಗೇ ಲೆಕ್ಕ ಗೊತ್ತಾಗಾಕಿಲ್ಲ ಅಂದ್ರು. ಐವತ್ತು ರೂಪಾಯಿ ಬುಡು, ಒಂದು ಮಾರು ಸೇವಂತಿಗೆ ಅಂದ್ಕಂಡೆ. ಆದ್ರೆ ನಂಗೆ ಲೆಕ್ಕ ಬರಾಕಿಲ್ಲ ಅಂದ್ರಲ್ಲ, ಅದು ತಡೀಲಿಲ್ಲ" ಎಂದರು. ಗುಮಾಸ್ತರು ತಲೆ ತಗ್ಗಿಸಿ ಕುಳಿತಿದ್ದರು. ನಾನು, "ತಪ್ಪು ನಮ್ಮದೇ ಅಜ್ಜಿ" ಎಂದೆ. ಅಜ್ಜಿ ಥಟ್ಟನೆ, "ನಮ್ಮದು ಅಂದ್ರೆ ಯಾರ್ದು?" ಎಂದರು. ವ್ಯಂಗ್ಯವಾಗಿ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ನನಗೆ ಉತ್ತರ ಬರಲಿಲ್ಲ. ಚೀಲದಿಂದ ಹೂವು ತೆಗೆದು ನನ್ನ ಕೈಗಿಟ್ಟು ಹೋದರು.

ಬಸ್ಸಿನಲ್ಲಿ ಬರುವಾಗ ಅದೇ ಪ್ರಶ್ನೆ. ಯಾರದು ಈ ತಪ್ಪು?

ಯಂತ್ರದ್ದು ಎಂದರೆ ಎಲ್ಲರಿಗೂ ನಿರಾಳ. ಆದರೆ ಆ ಮಾತು ನಿಲ್ಲುವುದಿಲ್ಲ. ಕೆನಡಾದಲ್ಲಿ ಹೀಗೊಂದು ವ್ಯಾಜ್ಯ ನಡೆದಿತ್ತು. 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬ, ವಿಮಾನದ ಟಿಕೆಟ್ ಕೊಳ್ಳುವಾಗ ಏರ್ ಕೆನಡಾದ ಉತ್ತರಿಸುವ ಯಂತ್ರವನ್ನು ಕೇಳಿದ. ಸಾವಿನ ಸಂದರ್ಭದ ರಿಯಾಯಿತಿಯನ್ನು 90 ದಿನದೊಳಗೆ ಆಮೇಲೂ ಕೇಳಬಹುದು ಎಂದು ಅದು ಹೇಳಿತು. ಆಮೇಲೆ ಕೇಳಿದರೆ ಕಂಪನಿ ಕೊಡಲಿಲ್ಲ. ನ್ಯಾಯಮಂಡಳಿಯ ಮುಂದೆ ಅವರ ವಾದ, ಯಂತ್ರ ಹೇಳಿದ್ದಕ್ಕೆ ತಾವು ಹೊಣೆಯಲ್ಲ ಎಂಬಂತಿತ್ತು. 2024ರ ಫೆಬ್ರವರಿಯಲ್ಲಿ ಮಂಡಳಿ ಅದನ್ನು ಒಪ್ಪದೆ, ನಿಮ್ಮ ಜಾಲತಾಣದಲ್ಲಿ ಇರುವುದಕ್ಕೆಲ್ಲ ನೀವೇ ಹೊಣೆ ಎಂದು 800 ಡಾಲರಿಗೂ ಮಿಕ್ಕಿ ಕೊಡಿಸಿತು. ನಮ್ಮಲ್ಲಿ ಮನೆಯ ನಾಯಿ ಕಚ್ಚಿದರೆ ನಾಯಿಯನ್ನು ಯಾರೂ ಪಂಚಾಯಿತಿಗೆ ಕರೆಯುವುದಿಲ್ಲವಷ್ಟೆ.

ಇದಕ್ಕಿಂತ ಕ್ರೂರವಾದದ್ದು ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ. ಅಲ್ಲಿ 1999ರಿಂದ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ತಂದರು. ಕೃತಕ ಬುದ್ಧಿಮತ್ತೆಯೇನಲ್ಲ, ಸಾಮಾನ್ಯ ಲೆಕ್ಕದ ಸಾಫ್ಟ್‌ವೇರ್. ಅದರ ದೋಷದಿಂದ ಅಂಚೆ ಕಚೇರಿಗಳ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸಿತು. ಕಚೇರಿ ನಡೆಸುತ್ತಿದ್ದವರು ಫೋನ್ ಮಾಡಿದರೆ, ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ ಎಂಬ ಉತ್ತರ. ಒಂಬೈನೂರಕ್ಕೂ ಹೆಚ್ಚು ಜನರಿಗೆ ಕಳ್ಳರೆಂದು ಶಿಕ್ಷೆಯಾಯಿತು. ಭಾರತ ಮೂಲದ ಸೀಮಾ ಮಿಶ್ರಾ ಅವರಲ್ಲೊಬ್ಬರು. 2010ರ ನವೆಂಬರಿನಲ್ಲಿ, ಹೊಟ್ಟೆಯಲ್ಲಿ ಮಗುವಿರುವಾಗ, ಅವರನ್ನು ಜೈಲಿಗೆ ಹಾಕಿದರು. ಅವರು ನಿರಪರಾಧಿ ಎಂದು ನ್ಯಾಯಾಲಯ ಹೇಳಿದ್ದು 2021ರಲ್ಲಿ. ಉಳಿದವರ ಮೇಲಿನ ಕಳಂಕವನ್ನು ಒಟ್ಟಾಗಿ ತೊಡೆಯಲು 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. "ಬೇರೆ ಯಾರೂ ಕೇಳಿಲ್ಲ ಅಜ್ಜಿ" ಎಂಬ ಮಾತು ಎಲ್ಲಿಯವರೆಗೆ ಹೋಗಬಲ್ಲದು ನೋಡಿ.

ಆ ಒಂಬೈನೂರು ಮೊಕದ್ದಮೆಗಳ ಹಿಂದೆ ಒಬ್ಬನೇ ದುಷ್ಟ ಇರಲಿಲ್ಲ. ದೋಷವಿದೆ ಎಂದು ಗೊತ್ತಿದ್ದೂ ಮುಚ್ಚಿಟ್ಟವರು ಕೆಲವರು. ಅವರ ಸುತ್ತ ತಮ್ಮ ತಮ್ಮ ಸಣ್ಣ ಒಪ್ಪಿಗೆಯನ್ನು ಒತ್ತಿ ಕ್ಯಾಬ್ ಹತ್ತಿದವರು ಎಷ್ಟೋ ಮಂದಿ ಇದ್ದಿರಬೇಕು. ತಪ್ಪನ್ನು ನೂರು ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಚೂರೇ ಚೂರು. ಆದರೆ ಅದನ್ನು ಅನುಭವಿಸುವವಳಿಗೆ ಅದು ಹಂಚಿ ಬರುವುದಿಲ್ಲ, ಇಡಿಯಾಗಿಯೇ ಬರುತ್ತದೆ. ಹಾಗಾದರೆ ಹೊಣೆಯನ್ನು ಪಾಲು ಹಾಕಿ ಅಳೆಯುವುದೇ ತಪ್ಪು ಲೆಕ್ಕವಿರಬೇಕು. ಮನೆಯಲ್ಲಿ ಮಗು ಬಿಸಿನೀರು ಮೈಮೇಲೆ ಸುರಿದುಕೊಂಡರೆ, ನನ್ನ ಪಾಲು ಕಾಲುಭಾಗ, ಅತ್ತೆಯದು ಅರ್ಧ ಎಂದು ಯಾವ ತಾಯಿಯೂ ಹೇಳುವುದಿಲ್ಲ. "ನಾನು ನೋಡಬೇಕಿತ್ತು" ಎನ್ನುತ್ತಾಳೆ. ಅತ್ತೆಯೂ ಹಾಗೇ ಎನ್ನುತ್ತಾಳೆ. ಇಬ್ಬರ ಮಾತೂ ಪೂರ್ತಿ ನಿಜ.

ಯಂತ್ರ ತಪ್ಪು ಮಾಡುತ್ತದೆ ಎಂದು ನಾನು ದೂರುತ್ತಿಲ್ಲ. ನಾನೂ ಮಾಡಿದ್ದೇನೆ, ಇದಕ್ಕಿಂತ ದೊಡ್ಡ ತಪ್ಪುಗಳನ್ನೇ. ಆದರೆ 2003ರಲ್ಲಿ ಮಾಡಿದ ಒಂದು ತಪ್ಪು ನನಗೆ ಈಗಲೂ ಅರ್ಧರಾತ್ರಿ ನೆನಪಾಗುತ್ತದೆ. ಆಮೇಲೆ ಅಂಥದನ್ನು ಮತ್ತೆ ಮಾಡಿಲ್ಲ. ಊರಿನಿಂದ ಬಂದ ಮೇಲೆ ಆ ಎರಡು ಸಾಲನ್ನು ಸಹಾಯಕನಿಗೇ ತೋರಿಸಿ ಕೇಳಿದೆ. "ನೀವು ಹೇಳಿದ್ದು ಸರಿ. ಇದು ಗಂಭೀರವಾದ ದೋಷ. ಕ್ಷಮಿಸಿ" ಎಂದಿತು. ಎಷ್ಟು ಚೆಂದದ ಮಾತು! ಹೂ ಮಾರುವ ಅಜ್ಜಿಗೆ ನಾನು ಹೇಳಿದ್ದೂ ಹೆಚ್ಚು ಕಡಿಮೆ ಇದೇ ಮಾತು. ಅದಕ್ಕೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಏನನ್ನೂ ಕಳೆದುಕೊಳ್ಳದ ಹಾಗೆ ನಾನೂ ಜಾಗರೂಕಳಾಗಿ "ನಮ್ಮದು" ಎಂದಿದ್ದೆ. ನಾಚಿಕೆ ಇಲ್ಲದ ಕ್ಷಮೆ ಯಂತ್ರಕ್ಕೆ ಸಹಜ. ನನಗೆ ಅದು ಯಾವಾಗ ಅಭ್ಯಾಸವಾಯಿತು?

ಮರುದಿನ ಮ್ಯಾನೇಜರಿಗೂ ಟೀಮಿನ ಎಲ್ಲರಿಗೂ ಪತ್ರ ಬರೆದೆ. ಒಪ್ಪಿಗೆ ಕೊಟ್ಟವಳು ನಾನು, ಪೂರ್ತಿ ಓದಿರಲಿಲ್ಲ, ಓದಿದ್ದರೆ ಸಿಗುತ್ತಿತ್ತು, ತಪ್ಪು ನನ್ನದು ಎಂದು. "ಮುಗಿದ ವಿಷಯ, ಈಗೇಕೆ ಮೇಡಂ" ಎಂದರು ಮ್ಯಾನೇಜರ್. ಆ ವರ್ಷ ನನಗೆ ಸಂಬಳ ಏರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು, ಇರಲಿ. ಹುಡುಗಿ ಅಷ್ಟರಲ್ಲೇ ಬೇರೆ ಕಡೆ ಕೆಲಸ ಹುಡುಕಿಕೊಂಡು ರಾಜೀನಾಮೆ ಕೊಟ್ಟಿದ್ದಳು. ಕ್ಯಾಂಟೀನಿನಲ್ಲಿ ಅವಳ ಎದುರು ಕುಳಿತು ಕ್ಷಮೆ ಕೇಳಿದೆ. "ಪರವಾಗಿಲ್ಲ ಮೇಡಂ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅವತ್ತು ನೀವು ನಕ್ಕಿರಿ" ಎಂದಳು. ನಾನು ನಕ್ಕದ್ದನ್ನು ಅವಳು ನೋಡಿದ್ದಳು.

ಈಗ ನಮ್ಮ ಟೀಮಿನಲ್ಲಿ ಹಳೆಯ ನಿಯಮ ಮತ್ತೆ ತಂದಿದ್ದೇನೆ. ಬರೆದದ್ದು ಯಾರೇ ಆಗಲಿ, ಓದಿ ಒಪ್ಪಿದವರ ಹೆಸರು ಮೇಲೆ, ದೊಡ್ಡ ಅಕ್ಷರದಲ್ಲಿ. ಸಾಲುಸಾಲಾಗಿ ವಿವರಿಸಲಾರದ್ದನ್ನು ಒಪ್ಪುವಂತಿಲ್ಲ. ಕೆಲಸ ನಿಧಾನವಾಗಿದೆ ಎಂಬ ದೂರು ಇದೆ, ನಿಜವೇ.

ಮೊನ್ನೆ ಅಮ್ಮನಿಗೆ ಇದನ್ನೆಲ್ಲ ಹೇಳಿ, "ನಿನ್ನ ಒಂದಗುಳಿನ ಮಾತು ನಂಬಿ ಕೆಟ್ಟೆ" ಎಂದೆ. ಅಮ್ಮನಿಗೆ ಈಗ ಎಪ್ಪತ್ತಾರು, ಅವಳ ಲೆಕ್ಕದಲ್ಲಿ. ವಿದ್ಯುತ್ ಕುಕ್ಕರಿನ ದೀಪ ಆಗಷ್ಟೇ ಬದಲಾಗಿತ್ತು. ಆದರೂ ಮುಚ್ಚಳ ತೆಗೆದು ಅಗುಳು ಹಿಚುಕುತ್ತಿದ್ದಳು. "ನಾನು ಯಾವ ಅಗುಳು ತೆಗೀತೀನಿ ಅಂತ ಇಷ್ಟು ವರ್ಷ ನೋಡೇ ಇಲ್ವೇನೇ ನೀನು? ತಳದ್ದು ಮೊದಲೇ ಬೆಂದಿರುತ್ತೆ. ಮೇಲಿನದು, ಅಂಚಿಗೆ ಅಂಟಿಕೊಂಡಿರೋದು ನೋಡಬೇಕು. ಅದು ಬೆಂದಿದ್ರೆ ಎಲ್ಲ ಬೆಂದ ಹಾಗೆ" ಎಂದಳು.

"ದೀಪ ಆಗಿದೆ ಅಂತ ತೋರಿಸ್ತಿದೆಯಲ್ಲಮ್ಮ" ಎಂದೆ.

"ತೋರಿಸಲಿ, ಪಾಪ. ಉಣ್ಣೋರು ನಾವಲ್ವಾ" ಎಂದು ತಟ್ಟೆ ಹಾಕಿದಳು.